ನೆಲವೂ ನೆಲದ ತೋರಿಕೆಯೂ

ವಿದ್ಯುಚ್ಛಾಸ್ತ್ರವನ್ನು ಹೊಸದಾಗಿ ಕಲಿಯುವವರನ್ನು ದಾರಿತಪ್ಪಿಸುವ ಮಾತುಗಳಲ್ಲಿ ‘ನೆಲ’ವೆಂಬುದೂ ಒಂದು. ಕಾಲ ಕೆಳಗಿನ ಮಣ್ಣನ್ನು ಬಲ್ಲವರಿಗೆ ಈ ಮಾತಿನಲ್ಲಿ ಸಂಶಯವೇ ಹುಟ್ಟುವುದಿಲ್ಲ. ಹುಟ್ಟದಿರುವುದೇ ಇಲ್ಲಿನ ಅಪಾಯ.

1838ರಲ್ಲಿ ಮ್ಯೂನಿಕ್ಕಿನ ಸ್ಟೈನ್‌ಹೈಲನು ತಂತಿವಾರ್ತೆಗೆ ಎರಡನೆಯ ತಂತಿ ಬೇಡವೆಂದೂ, ಪ್ರವಾಹವು ಮರಳುವುದಕ್ಕೆ ಭೂಮಿಯೇ ಹಾದಿಯಾಗಬಲ್ಲುದೆಂದೂ ತೋರಿಸಿಕೊಟ್ಟನು. ಅಲ್ಲಿ ನೆಲವೆಂದರೆ ನಿಜವಾದ ಮಣ್ಣೇ. ಕಾಲಕ್ರಮದಲ್ಲಿ ಆ ಹೆಸರು ಮಣ್ಣನ್ನು ಬಿಟ್ಟು ಯಂತ್ರದೊಳಕ್ಕೆ ಬಂದಿತು. ವೋಲ್ಟೇಜೆಂಬುದು ಎರಡು ಬಿಂದುಗಳ ನಡುವಣ ಅಂತರವೇ ಹೊರತು ಒಂದೇ ಬಿಂದುವಿನ ಗುಣವಲ್ಲ. ಬೆಟ್ಟದ ಎತ್ತರವನ್ನು ಸಮುದ್ರಮಟ್ಟದಿಂದ ಎಣಿಸುವಂತೆ, ವಿದ್ಯುನ್ಮಂಡಲದಲ್ಲಿಯೂ ಒಂದು ಬಿಂದುವನ್ನು ಸೊನ್ನೆಯೆಂದು ಒಪ್ಪಿಕೊಂಡು ಉಳಿದವುಗಳನ್ನು ಅಳೆಯುತ್ತಾರೆ. ಆ ಒಪ್ಪಿಗೆಯೇ ಮಂಡಲದ ನೆಲ. ಕೈಯಲ್ಲಿ ಹಿಡಿದು ತಿರುಗುವ ಬ್ಯಾಟರಿ ರೇಡಿಯೋವಿಗೂ ಇಂತಹ ನೆಲವುಂಟು. ಅದು ಮಣ್ಣನ್ನು ಮುಟ್ಟಿಯೇ ಇಲ್ಲ.

ಈ ಭೇದವನ್ನು ಮರೆತರೆ ಪ್ರಾಣಕ್ಕೇ ಸಂಚಕಾರ. ಟ್ರಾನ್ಸ್‌ಫಾರ್ಮರ್ ಇಲ್ಲದ ಹಳೆಯ ವಾಲ್ವ್ ರೇಡಿಯೋಗಳು ಅನೇಕವುಗಳಲ್ಲಿ ಲೋಹದ ಚೌಕಟ್ಟೇ ಮಂಡಲದ ನೆಲವಾಗಿದ್ದಿತು. ಪ್ಲಗ್ಗನ್ನು ತಿರುವುಮುರುವಾಗಿ ಸಿಕ್ಕಿಸಿದರೆ ಅದೇ ಚೌಕಟ್ಟಿಗೆ ಮನೆಯ ವಿದ್ಯುತ್ತು ಪೂರ್ತಿಯಾಗಿ ಏರುತ್ತಿದ್ದಿತು. ಮಂಡಲಕ್ಕೆ ಸೊನ್ನೆಯಾದುದು ಮುಟ್ಟುವ ಮನುಷ್ಯನಿಗೂ ಸೊನ್ನೆಯಾಗಬೇಕೆಂಬ ನಿಯಮವಿಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದುದು ಆಂಪ್ಲಿಫೈಯರುಗಳಲ್ಲಿ ಕಾಣುವ ವರ್ಚುವಲ್ ಗ್ರೌಂಡ್, ಎಂದರೆ ತೋರಿಕೆಯ ನೆಲ. ಆಪರೇಷನಲ್ ಆಂಪ್ಲಿಫೈಯರಿಗೆ ಧನವೆಂದೂ ಋಣವೆಂದೂ ಎರಡು ಪ್ರವೇಶಗಳಿವೆ. ಧನವನ್ನು ನೆಲಕ್ಕೆ ಕಟ್ಟಿ, ಋಣಕ್ಕೆ 1,000 ಓಮಿನ ರೋಧಕದ ಮೂಲಕ 1 ವೋಲ್ಟನ್ನು ಕೊಟ್ಟು, ನಿರ್ಗಮದಿಂದ ಅದೇ ಋಣಕ್ಕೆ 10,000 ಓಮಿನ ರೋಧಕವನ್ನು ಜೋಡಿಸಿದರೆ, ನಿರ್ಗಮವು ಸೊನ್ನೆಗಿಂತ 10 ವೋಲ್ಟು ಕೆಳಕ್ಕೆ ಇಳಿಯುವುದು. 1968ರಲ್ಲಿ ಬಂದ 741 ಎಂಬ ಚಿಪ್ಪಿನ ವರ್ಧನವು ಸಾಮಾನ್ಯವಾಗಿ 2,00,000 ಮಡಿ. ಸಣ್ಣಪುಟ್ಟ ದೋಷಗಳನ್ನು ಬಿಟ್ಟರೆ, ಆ 10 ವೋಲ್ಟಿಗೆ ಋಣಪ್ರವೇಶದಲ್ಲಿ ಬೇಕಾದುದು ವೋಲ್ಟಿನ ಹತ್ತು ಲಕ್ಷದಲ್ಲಿ 50 ಭಾಗ ಮಾತ್ರ. ಅಳೆದು ನೋಡಿದವರಿಗೆ ಅದು ಸೊನ್ನೆಯೇ ಸರಿ.

ಆದರೂ ಅಲ್ಲಿ ನೆಲವಿಲ್ಲ. ಆ ಬಿಂದುವು ಕೊಂಚ ಕದಲಿದೊಡನೆ ನಿರ್ಗಮವು ಎದುರು ದಿಕ್ಕಿಗೆ ಎಳೆದು ಅದನ್ನು ಸ್ವಸ್ಥಾನಕ್ಕೆ ತರುವುದು. ಹಗ್ಗದ ಮೇಲೆ ನಡೆಯುವವನು ಕೈಗೋಲಿನಿಂದ ಕ್ಷಣಕ್ಷಣವೂ ತೂಕವನ್ನು ಸರಿಪಡಿಸಿಕೊಳ್ಳುವಂತೆ. ನಿಜವಾದ ನೆಲವು ಬಂದ ಪ್ರವಾಹವನ್ನು ತಾನೇ ಸ್ವೀಕರಿಸುವುದು. ತೋರಿಕೆಯ ನೆಲವು ಬಂದ 1 ಮಿಲಿಆಂಪಿಯರನ್ನೂ ಎರಡನೆಯ ರೋಧಕದ ಕಡೆಗೆ ದಾಟಿಸುವುದು. ಎರಡೂ ಸೊನ್ನೆಯಲ್ಲವೆ ಎಂದು ಒಂದಕ್ಕೊಂದು ತಂತಿ ಕಟ್ಟಿದರೆ, ಪ್ರವಾಹವೆಲ್ಲವೂ ಆ ತಂತಿಯಲ್ಲಿ ಹರಿದುಹೋಗಿ ಸಂಕೇತವು ನಿರ್ಗಮವನ್ನು ಸೇರುವುದೇ ಇಲ್ಲ.

ಈ ಸಮತೋಲಕ್ಕೂ ಎಲ್ಲೆಯುಂಟು. ಎರಡು ಕಡೆಯೂ 15 ವೋಲ್ಟಿನ ಪೂರೈಕೆಯಿರುವಲ್ಲಿ 1ರ ಬದಲು 2 ವೋಲ್ಟನ್ನು ಕೊಟ್ಟರೆ, ನಿರ್ಗಮವು 20 ವೋಲ್ಟು ಇಳಿಯಬೇಕು, ಇಳಿಯಲಾರದು. ಆಗ ತೋರಿಕೆಯ ನೆಲವು ಸುಮಾರು ಅರ್ಧ ವೋಲ್ಟಿನಷ್ಟು ಮೇಲೆದ್ದು ನಿಲ್ಲುವುದು. ಒಂದು ಸೊನ್ನೆಯು ಒಪ್ಪಿಗೆಯಿಂದ ನಿಂತುದು, ಇನ್ನೊಂದು ಪರಿಶ್ರಮದಿಂದ ನಿಂತುದು. ಮೀಟರಿನ ಮುಳ್ಳಿಗೆ ಎರಡೂ ಒಂದೇ. ಯಾವುದರ ಮೇಲೆ ಎಷ್ಟು ಭಾರ ಹಾಕಬಹುದೆಂಬುದನ್ನು ಕಲಿಯುವವನೇ ಅರಿಯಬೇಕು.