ನಾಲ್ಕನೆಯವರಿಗೊಂದು ಶಾಲು

ಕೊರಿಯಾದಲ್ಲಿ ವರ್ಷದ ಕೊನೆಗೆ ಮಹಿಳಾ ಗಾಲ್ಫ್ ಆಟಗಾರ್ತಿಯರಿಗೆ ದೊಡ್ಡ ಸನ್ಮಾನ. ಹೆಚ್ಚು ಗಳಿಸಿದವರಿಗೊಂದು, ಕಡಿಮೆ ಹೊಡೆತಗಳಲ್ಲಿ ಆಡಿದವರಿಗೊಂದು, ಹೊಸಬರಿಗೊಂದು ಪ್ರಶಸ್ತಿ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರೂ 2016ರಲ್ಲಿ ಯುರೋಪಿನ ಮಹಿಳಾ ಟೂರ್‌ನ ವರ್ಷದ ಹೊಸ ಆಟಗಾರ್ತಿ ಎನಿಸಿಕೊಂಡರು.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಪ್ರಶಸ್ತಿಯಿಲ್ಲದ ಆಟ. 2021ರ ಆಗಸ್ಟ್ 7, ಟೋಕಿಯೋ ಒಲಿಂಪಿಕ್ಸ್. ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೆಯವರಾಗಿದ್ದ ಅದಿತಿ, ತಾಯಿಯನ್ನೇ ಕ್ಯಾಡಿ ಮಾಡಿಕೊಂಡು ಪದಕದ ಹತ್ತಿರ ಬಂದಿದ್ದರು. ಇಲ್ಲಿ ವೈಜಾಪುರದಲ್ಲಿ ಪಕ್ಕದ ಮನೆಯ ಕಾಕೂ ನನ್ನ ಮೊಬೈಲ್‌ಗೆ ಇಣುಕಿ, "ಬರ್ಡಿ ಮ್ಹಣಜೇ ಕಾಯ್?" ಎಂದು ಕೇಳಿದರು. ಬಿಡಿಸಿ ಹೇಳಿದೆ. ಆಮೇಲೆ ಇಬ್ಬರೂ ಉಸಿರು ಬಿಗಿಹಿಡಿದು ಕೂತೆವು.

ನಾಲ್ಕು ದಿನದ ಆಟ, ಪಾರ್‌ಗಿಂತ 15 ಹೊಡೆತ ಕಡಿಮೆ. ಕಂಚು ತಪ್ಪಿದ್ದು ಒಂದೇ ಹೊಡೆತಕ್ಕೆ. ನಾಲ್ಕನೆಯ ಸ್ಥಾನಕ್ಕೆ ವೇದಿಕೆಯಿಲ್ಲ. ಆದರೆ ಗಾಲ್ಫ್ ಹೆಸರೇ ಕೇಳದ ಮನೆಗಳಲ್ಲಿ ಆ ಬೆಳಿಗ್ಗೆ ಅದಿತಿಗೆ ಶಾಲು ಹೊದಿಸಿ ಆಗಿತ್ತು.