ಸಾಹೇಬರಿಗೆ ಮಾತು ಕಲಿಸಿದ ಕಲ್ಕತ್ತೆ

ಹದಿನಾರು, ಹದಿನೆಂಟರ ಹುಡುಗರು. ಇಂಗ್ಲೆಂಡಿನಲ್ಲಿ ಹಡಗು ಹತ್ತಿದರೆ ಕಲ್ಕತ್ತೆ ಕಾಣಲು ತಿಂಗಳುಗಳೇ ಬೇಕು. ಈಸ್ಟ್ ಇಂಡಿಯಾ ಕಂಪನಿ ಅವರಿಗೆ ಕೊಟ್ಟ ಹುದ್ದೆಯ ಹೆಸರು ರೈಟರ್. ಮುಂದೆ ಮಾಡಬೇಕಾದ್ದು ಮಾತ್ರ ಕಂದಾಯ ವಸೂಲಿ, ನ್ಯಾಯತೀರ್ಮಾನ. ರೈತ ಬಂದು ಗೋಳು ತೋಡಿಕೊಂಡರೆ ಒಂದಕ್ಷರವೂ ತಿಳಿಯದ ಸಾಹೇಬ, ಪಕ್ಕದ ದುಭಾಷಿ ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕು.

ಗವರ್ನರ್ ಜನರಲ್ ವೆಲ್ಲೆಸ್ಲಿ ಇದಕ್ಕೆ ಕಂಡುಕೊಂಡ ಮದ್ದು ಫೋರ್ಟ್ ವಿಲಿಯಂ ಕಾಲೇಜು. ಕೆಲಸಕ್ಕೆ ಕೂರುವ ಮುಂಚೆ ಇಲ್ಲಿನ ಭಾಷೆ, ಕಾನೂನು ಕಲಿಯಲಿ ಎಂಬ ಯೋಜನೆ. ಇಂದಿನವರಾದರೆ ಸಂವಹನದ ಪೂರ್ವಸಿದ್ಧತಾ ತರಗತಿ ಎನ್ನುತ್ತಿದ್ದರು. ಕಾಯ್ದೆ ಹೊರಟದ್ದು 1800ರ ಜುಲೈ 10ರಂದು. ಅದರ ಮೇಲೆ ಹಾಕಿಸಿದ ತಾರೀಕು ಮಾತ್ರ ಮೇ 4. ಹಿಂದಿನ ವರ್ಷ ಅದೇ ದಿನ ಶ್ರೀರಂಗಪಟ್ಟಣ ಬಿದ್ದಿತ್ತು, ಟಿಪ್ಪು ಮಡಿದಿದ್ದ. ಹೀಗೆ ಕನ್ನಡ ನಾಡಿನ ಒಂದು ಸೋಲು ಬಂಗಾಳದ ಕಾಲೇಜಿನ ಹುಟ್ಟುಹಬ್ಬವಾಯಿತು.

ಹಿಂದೂಸ್ತಾನಿ ಕಲಿಸಲು ಗಿಲ್‌ಕ್ರಿಸ್ಟ್, ಬಂಗಾಳಿಗೆ ವಿಲಿಯಂ ಕೇರಿ. ಊರಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಕೇರಿ ಪಾದ್ರಿಯಾಗಿ 1793ರಲ್ಲಿ ಬಂಗಾಳಕ್ಕೆ ಬಂದವನು. ವ್ಯಾಕರಣವೊಂದನ್ನೇ ಉರುಹೊಡೆಸಿದರೆ ಹುಡುಗರ ಬಾಯಿ ತಿರುಗದು ಎಂಬುದು ಅವನಿಗೆ ಗೊತ್ತಿತ್ತು. 1801ರಲ್ಲಿ ಅವನು ಹೊರತಂದ ‘ಕಥೋಪಕಥನ’ದ ತುಂಬ ಸಂಭಾಷಣೆಗಳೇ. ಸಾಹೇಬ ಆಳಿಗೆ ಅಪ್ಪಣೆ ಮಾಡುತ್ತಾನೆ, ಸಾಲ ಕೊಟ್ಟವನು ಸಾಲಗಾರನನ್ನು ಹಿಡಿದು ನಿಲ್ಲಿಸುತ್ತಾನೆ, ಕೂಲಿಯವರು ಹರಟುತ್ತಾರೆ, ಹೆಂಗಸರು ಜಗಳವಾಡುತ್ತಾರೆ. ಬೀದಿಜಗಳವನ್ನು ಪಠ್ಯಪುಸ್ತಕಕ್ಕೆ ಸೇರಿಸುವ ಧೈರ್ಯ ಇಂದಿನ ಪಠ್ಯ ಸಮಿತಿಗಳಿಗೂ ಬರಲಾರದು.

ಸಂಬಳದ ಲೆಕ್ಕ ಇನ್ನೂ ಸ್ವಾರಸ್ಯ. ಕೇರಿಗೆ ಮೊದಲಿಗೆ ತಿಂಗಳಿಗೆ 500 ರೂಪಾಯಿ, ಮುಖ್ಯ ಪಂಡಿತ ಮೃತ್ಯುಂಜಯ ವಿದ್ಯಾಲಂಕಾರರಿಗೆ 200, ರಾಮ್‌ರಾಮ್ ಬಸುವಿಗೆ 40. ಕೇರಿಗೆ ಬಂಗಾಳಿ ಹೇಳಿಕೊಟ್ಟ ಮುನ್ಷಿ ಇದೇ ಬಸು!

ಕನ್ನಡಕ್ಕೂ ಈ ಭಾಷಾಕಲಿಕೆಯ ಒಂದು ಪಾಲು ಸಂದಿತು. ಬಂಗಾಳದಲ್ಲೇ ಬಾಳು ಸವೆಸಿದ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ, ಹೂಗ್ಲಿ ದಂಡೆಯ ಶ್ರೀರಾಮಪುರದ ಮಿಷನ್ ಪ್ರೆಸ್ಸಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಮದರಾಸಿನಲ್ಲೂ 1812ರಲ್ಲಿ ಇಂಥದೇ ಕಾಲೇಜು ತೆರೆದು ದಕ್ಷಿಣದ ಭಾಷೆಗಳನ್ನು ಕಲಿಸತೊಡಗಿತು. ಮೆಕೆರೆಲ್ ಎಂಬವನ ಕನ್ನಡ ವ್ಯಾಕರಣ ಅಲ್ಲಿ 1820ರಲ್ಲಿ ಬಂತು.

ಲಂಡನ್ನಿನ ನಿರ್ದೇಶಕರಿಗೆ ಮಾತ್ರ ವೆಲ್ಲೆಸ್ಲಿಯ ದರ್ಬಾರಿ ಖರ್ಚು ಸರಿಬರಲಿಲ್ಲ. 1806ರಲ್ಲಿ ಇಂಗ್ಲೆಂಡಿನಲ್ಲೇ ತಮ್ಮ ಕಾಲೇಜು ಶುರುಮಾಡಿದರು. ಕಲ್ಕತ್ತೆಯದು ಬರೀ ಭಾಷೆಯ ಶಾಲೆಯಾಗಿ ಉಳಿದು 1854ರಲ್ಲಿ ಮುಚ್ಚಿತು.

ಕಲಿತವರಲ್ಲಿ ಚಾರ್ಲ್ಸ್ ಮೆಟ್ಕಾಫ್‌ನಂಥವರೂ ಇದ್ದರು. ಹಂಗಾಮಿ ಗವರ್ನರ್ ಜನರಲ್ ಆಗಿ 1835ರಲ್ಲಿ ಪತ್ರಿಕೆಗಳ ಮೇಲಿನ ನಿರ್ಬಂಧ ಕಿತ್ತುಹಾಕಿದವನು ಅವನೇ. ಆದರೂ ಹೆಚ್ಚು ಲಾಭವಾದದ್ದು ಕಲಿಸಿದವರಿಗೆ. ಬಸು ಕಾಲೇಜಿನ ಸಾಹೇಬರಿಗಾಗಿ ಬರೆದ ‘ರಾಜಾ ಪ್ರತಾಪಾದಿತ್ಯ ಚರಿತ್ರ’ ಬಂಗಾಳಿ ಗದ್ಯದ ಮೊದಲ ಅಚ್ಚಾದ ಪುಸ್ತಕಗಳಲ್ಲೊಂದಾಯಿತು. 1841ರಲ್ಲಿ ಮುಖ್ಯ ಪಂಡಿತರಾಗಿ ಸೇರಿದ ಇಪ್ಪತ್ತೊಂದರ ತರುಣ ಈಶ್ವರಚಂದ್ರ ವಿದ್ಯಾಸಾಗರ, ಸಾಹೇಬರಿಗೆ ಪಾಠ ಹೇಳುತ್ತಲೇ ತಾವು ಇಂಗ್ಲಿಷು, ಹಿಂದಿ ಕಲಿತರು. ಆಳುವವರಿಗೆಂದು ಕಟ್ಟಿದ ಆ ತರಗತಿಯ ನಿಜವಾದ ಫಸಲು ಆಧುನಿಕ ಬಂಗಾಳಿ ಗದ್ಯ.