ಅಕ್ಕನ ದನಿಗೊಂದು ಪೆಟ್ಟಿಗೆ

ಹೋದ ವರ್ಷದ ಗಣೇಶನ ಹಬ್ಬದಲ್ಲಿ ನಮ್ಮ ಸುಗಮ ಸಂಗೀತ ತಂಡದ ಅಕ್ಕ ಎರಡನೆಯ ಚರಣಕ್ಕೇ ಮೈಕನ್ನು ಕೆಳಗಿಟ್ಟು ವೇದಿಕೆಯಿಂದ ಇಳಿದುಬಿಟ್ಟರು. ಹಾರ್ನು ‘ಕುಂಯ್’ ಎಂದು ಕೂಗಿಕೊಂಡದ್ದು ಅದು ನಾಲ್ಕನೆಯ ಸಲ. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು, “ರಾಗ ಚೆನ್ನಾಗಿತ್ತು ಕಣಪ್ಪ, ಹಾಡು ಯಾವ ಭಾಷೇದು?” ಎಂದು ಕೇಳಿದರು. ಅಕ್ಕ ಹಾಡಿದ್ದು ಅಪ್ಪಟ ಕನ್ನಡದ ಭಾವಗೀತೆ. “ಇನ್ನು ನನ್ನನ್ನ ಕರೀಬೇಡಿ” ಎಂದವರು ಎರಡು ತಿಂಗಳು ಅಭ್ಯಾಸಕ್ಕೂ ಬರಲಿಲ್ಲ.

ನಮ್ಮದು ತಿಪಟೂರಿನ ಐದು ಜನರ ತಂಡ. ಅಕ್ಕ, ಇನ್ನೊಬ್ಬ ಗಾಯಕ, ತಬಲಾ ಮೇಷ್ಟ್ರು, ಕೊಳಲಿನ ಹುಡುಗ, ಕೀಬೋರ್ಡಿನ ಹಿಂದೆ ನಾನು. ಮೊದಲಿನಿಂದಲೂ ಕಾರ್ಯಕ್ರಮಕ್ಕೆ ನಮ್ಮೂರ ಮೈಕ್‌ಸೆಟ್ ಅಣ್ಣನದೇ ಹಾರ್ನು. ತಪ್ಪು ಅವರದಲ್ಲ ಬಿಡಿ. ಹಾರ್ನು ಇರುವುದೇ ಮಾತನ್ನು ದೂರಕ್ಕೆ ಎಸೆಯಲು, ಜಾತ್ರೆಯಲ್ಲಿ ಮಗು ತಪ್ಪಿಸಿಕೊಂಡಿದೆ ಎಂದು ಸಾರಲು. ಅದರಲ್ಲಿ ಬಾಯಾದ ಗುಮುಕೂ ಬರುವುದಿಲ್ಲ, ಕೊಳಲಿನ ಮೆದುವೂ ಬರುವುದಿಲ್ಲ. ನಾವೇ ಒಂದು ಸೆಟ್ ಕೊಳ್ಳೋಣವೆಂದು ನಿರ್ಧರಿಸಿದೆವು. ಸಂಭಾವನೆಯ ಉಳಿತಾಯ, ಮೇಲೆ ತಲಾ ಇಷ್ಟು ವಂತಿಗೆ, ಒಟ್ಟು 60,000 ರೂಪಾಯಿ. “ಬೆಂಗಳೂರಿಂದ ಮಿಕ್ಸರ್ ತರ್ತೀನಿ” ಎಂದಾಗ ನನ್ನವಳ ಮುಖ ಅರಳಿತು. ಅದು ಚಟ್ನಿ ರುಬ್ಬುವುದಿಲ್ಲ ಎಂದು ತಿಳಿದ ಮೇಲೆ ಏನಾಯಿತೆಂಬುದು ಇಲ್ಲಿ ಬೇಡ.

ಅಕ್ಕನನ್ನು ಹೇಗೋ ಒಪ್ಪಿಸಿ, ಮೇಷ್ಟ್ರ ಜೊತೆ ಮೂವರೂ ಬೆಳಗಿನ ರೈಲು ಹತ್ತಿ ಎಸ್.ಪಿ. ರೋಡಿಗೆ ಹೋದೆವು. ಅಂಗಡಿಯ ಹುಡುಗ, “ಐದು ಸಾವಿರ ವ್ಯಾಟ್ ಸಾರ್, ಇಡೀ ಊರಿಗೆ ಕೇಳತ್ತೆ” ಎಂದು ಶುರು ಮಾಡಿದ. ಇಂಥ ವ್ಯಾಟುಗಳು ಹೆಣ್ಣು ನೋಡಲು ಬಂದವರಿಗೆ ಹೇಳುವ ಸಂಬಳದಂತೆ. ಪಿಎಂಪಿಓ ಎಂದು ಬರೆದಿದ್ದರೆ ಅದು ಕ್ಷಣಮಾತ್ರದ ಆರ್ಭಟದ ಲೆಕ್ಕ. ಎಡೆಬಿಡದೆ ದುಡಿಯುವ ಶಕ್ತಿ ತಿಳಿಯಬೇಕಾದರೆ ಆರ್‌ಎಂಎಸ್ ಎಷ್ಟೆಂದು ಕೇಳಬೇಕು. ಅದನ್ನೂ ಇಮ್ಮಡಿ ಮಾಡಿದರೆ ಸಿಗುವುದು ಮೂರೇ ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಹೆಚ್ಚುಕಡಿಮೆ ಹತ್ತು ಪಟ್ಟು ವ್ಯಾಟ್ ಬೇಕು. ಇನ್ನೂರು ಜನ ಕೂರುವ ಹಾಲಿಗೆ ಊರೆಲ್ಲ ಕೇಳಿಸುವ ಪೆಟ್ಟಿಗೆ ಯಾಕೆ?

ಹುಡುಗ ಹದಿನೈದು ಇಂಚಿನ ಜೋಡಿ ಪೆಟ್ಟಿಗೆಗೆ ಸಿನಿಮಾ ಹಾಡು ಹಾಕಿದ. ಎದೆಯೇ ಧುಮುಗುಟ್ಟಿತು. ಮೇಷ್ಟ್ರು, “ಇದೇ ಇರ್ಲಿ, ಬಾಯಾ ಹೆಂಗೆ ಕೇಳ್ಸುತ್ತೆ ನೋಡಿ!” ಎಂದರು. ಅದನ್ನು ಹೊರಬೇಕಾದವರಲ್ಲಿ ಬೆನ್ನುನೋವಿನ ತಾವೂ ಒಬ್ಬರೆಂಬುದು ಅವರಿಗೆ ಮರೆತೇಹೋಗಿತ್ತು. ಅಕ್ಕ ಬಾಗಿಲ ಬಳಿ, ತನಗೂ ಈ ವ್ಯಾಪಾರಕ್ಕೂ ಸಂಬಂಧವಿಲ್ಲವೆಂಬಂತೆ ನಿಂತಿದ್ದರು.

ನಾನು ಹಾಡು ನಿಲ್ಲಿಸಿ ಮೈಕ್ ಕೊಡಲು ಹೇಳಿದೆ. “ಅಕ್ಕ, ಏನಾದ್ರೂ ಹೇಳಿ.”

“ಏನು ಹೇಳ್ಲಿ? ಸಕ್ಕರೆ, ಶುಂಠಿ, ಸಾಸಿವೆ, ಕೊತ್ತಂಬರಿ...”

ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾವ ಎಂಜಿನಿಯರೂ ಮಾಡಲಾರ. ಸ್ವರಗಳಲ್ಲಿ ಬಲವಿದೆ, ಅವು ಹೇಗೋ ದಾಟುತ್ತವೆ. ಸ, ಶ, ತ, ಕ ಬಲಹೀನ ಅಕ್ಷರಗಳು. ಅವುಗಳ ಗುರುತೆಲ್ಲ ಬಹುಪಾಲು ಎರಡು ಸಾವಿರ ಹರ್ಟ್ಸ್‌ನಿಂದ ಮೇಲೆ. ಕೆಳಗಿನ ಧುಂಧುಂ ಹೆಚ್ಚಾದರೆ ಇವು ಮುಳುಗುತ್ತವೆ, ಇವು ಮುಳುಗಿದರೆ ಭಾವಗೀತೆಯಲ್ಲಿ ಉಳಿಯುವುದು ಬರೀ ಆ, ಊ. ನಾನು ಅಂಗಡಿಯ ಹಿಂದಿನ ಗೋಡೆಗೆ ಹೋಗಿ ನಿಂತೆ. ಜೋಡಿ ಪೆಟ್ಟಿಗೆಯಲ್ಲಿ ಅಕ್ಕನ ಸಕ್ಕರೆ ‘ಅಕ್ಕರೆ’ಯಾಗಿ ಬಂತು. ಎರಡನೆಯದರಲ್ಲಿ ಶುಂಠಿಗೂ ಸುಂಟಿಗೂ ಭೇದವಿರಲಿಲ್ಲ. ಮೂರನೆಯದು ಹನ್ನೆರಡು ಇಂಚಿನ ಪೆಟ್ಟಿಗೆ, ಒಳಗೇ ಆಂಪ್ಲಿಫೈಯರ್ ಇರುವಂಥದು. ದಿನಸಿಯೆಲ್ಲ ಚೊಕ್ಕವಾಗಿ ಕೇಳಿತು. ಒಬ್ಬರೇ ಎತ್ತಬಹುದಿತ್ತು, ಆಂಪ್ಲಿಫೈಯರಿಗೂ ಸ್ಪೀಕರಿಗೂ ಓಮ್ ಹೊಂದಿಸುವ ರಗಳೆಯೂ ಇರಲಿಲ್ಲ. ಅದಕ್ಕೇ ಜೈ ಎಂದೆವು.

ಜೋಡಿ ಪೆಟ್ಟಿಗೆಗೆ 36,000, ಎಂಟು ಚಾನೆಲ್ಲಿನ ಮಿಕ್ಸರಿಗೆ 9,000, ಮೂರು ಡೈನಮಿಕ್ ಮೈಕಿಗೆ 7,500, ಸ್ಟ್ಯಾಂಡು ವೈರುಗಳಿಗೆ 7,000. ಉಳಿದ ಐನೂರರಲ್ಲಿ ಮೂವರೂ ಊಟ ಮಾಡಿದೆವು.

ಮೊದಲ ಕಾರ್ಯಕ್ರಮ ನಮ್ಮೂರ ಶಾಲೆಯೊಂದರ ಹಾಲಿನಲ್ಲಿ. ಪೆಟ್ಟಿಗೆಗಳನ್ನು ಮೈಕುಗಳಿಗಿಂತ ಮುಂದೆ, ತಲೆಗಿಂತ ಎತ್ತರಕ್ಕೆ ನಿಲ್ಲಿಸಿದ್ದೆವು. ಮೈಕು ಸ್ಪೀಕರಿನ ದನಿಯನ್ನು ತಾನೇ ಕೇಳಿಸಿಕೊಂಡಾಗ ತಾನೇ ಆ ‘ಕುಂಯ್’ ಹುಟ್ಟುವುದು? ಈ ಸಲ ಹುಟ್ಟಲಿಲ್ಲ. ಆದರೆ ದನಿಯೆಲ್ಲ ಸಭಿಕರತ್ತ ಹೋಗಿ, ಅಕ್ಕನಿಗೆ ಅಕ್ಕನದೇ ಹಾಡು ಕೇಳದಾಯಿತು. ಕೇಳದವರು ಕಿರುಚುತ್ತಾರೆ, ಕಿರುಚಿದರೆ ಶ್ರುತಿ ಜಾರುತ್ತದೆ. ಮೊದಲ ಹಾಡು ಮುಗಿಸಿ ಅಕ್ಕ ನನ್ನತ್ತ ನೋಡಿದರು. ಗಣೇಶನ ಹಬ್ಬದ ಅದೇ ನೋಟ. ಹಾಡುವವರ ಕಡೆಗೂ ಒಂದು ಪೆಟ್ಟಿಗೆ ಬೇಕೆಂಬುದನ್ನು ಇಷ್ಟೆಲ್ಲ ಓದಿದ ನಾನೇ ಮರೆತಿದ್ದೆ.

ಹಾಲಿನ ಕೊನೆಯಲ್ಲಿ ಮೈಕ್‌ಸೆಟ್ ಅಣ್ಣ ನಿಂತಿದ್ದರು. ಅವರ ಬಾಡಿಗೆ ತಪ್ಪಿಸಿದ ನಾಚಿಕೆಗೆ ನಾವು ಅವರಿಗೆ ಹೇಳಿಯೂ ಇರಲಿಲ್ಲ. ಅವರು ಹೊರಗೆ ಹೋದರು. ಹೋದರೆಂದೇ ತಿಳಿದೆ. ನಾವು ಒಂದು ವಾದ್ಯದ ತುಣುಕು ನುಡಿಸಿ ಮುಗಿಸುವಷ್ಟರಲ್ಲಿ, ಟೆಂಪೋದಿಂದ ಹಳೆಯ ಆಂಪ್ಲಿಫೈಯರನ್ನೂ ಒಂದು ಪುಟ್ಟ ಪೆಟ್ಟಿಗೆಯನ್ನೂ ತಂದು, ಅಕ್ಕನ ಎದುರಿಗೆ, ಮೈಕಿನ ಬಾಲದ ನೇರಕ್ಕೆ ಇಟ್ಟರು.

“ಈ ಮೈಕಿಗೆ ಬೆನ್ನ ಕಡೆ ಕಿವಿ ಕಮ್ಮಿ ಸಾರ್” ಎನ್ನುತ್ತ ಮಿಕ್ಸರಿನಿಂದ ಒಂದು ವೈರು ಎಳೆದು, ನನ್ನನ್ನು ಕೇಳದೆಯೇ ಬಾಸಿನ ಗುಂಡಿಯನ್ನೂ ಒಂದಿಷ್ಟು ಇಳಿಸಿದರು.

ಅಕ್ಕ ಮುಂದಿನ ಹಾಡಿಗೆ ಕಣ್ಣು ಮುಚ್ಚಿದರು. ಕೇಳಿದಾಗ ಮಾತ್ರ ಅವರು ಹಾಗೆ ಕಣ್ಣು ಮುಚ್ಚುವುದು. ಆಮೇಲೆ ಒಂಬತ್ತು ಹಾಡು ಹಾಡಿದರು.

ಮುಗಿದ ಮೇಲೆ “ಬಾಡಿಗೆ ಎಷ್ಟಣ್ಣ?” ಎಂದೆ. ಅವರು ನಾನು ಮೊಳಕೈಗೆ ಸುತ್ತುತ್ತಿದ್ದ ವೈರನ್ನು ಕಿತ್ತುಕೊಂಡರು. “ಹಂಗೆ ಸುತ್ತಬೇಡಿ ಸಾರ್, ಒಳಗೆ ಮುರಿಯತ್ತೆ. ಕೊಡಿ ಇಲ್ಲಿ.”